ಚಪ್ಪಾಳೆ ಬಿದ್ದ ದನಿ

ಅಥವಾ ಅದು ಜೇಷ್ಠಮಧುವಿನ ವಾಸನೆಯೇ ಅಲ್ಲವೇನೋ. ಇಷ್ಟು ವರ್ಷ ಹಾಗೆಂದೇ ನಂಬಿಕೊಂಡಿದ್ದೆ. ಮೊನ್ನೆ ಸುರಪುರದ ಬಜಾರಿನಲ್ಲಿ, ಬೇರು ನಾರು ಮಾರುವ ಅಂಗಡಿಯ ಮುಂದೆ ಕೆಮ್ಮುತ್ತ ನಿಂತಿದ್ದಾಗ, ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದ. ಒಣಬೇರಿನ ಖಾರವಾದ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನನ್ನ ಚಿಗವ್ವ ನಿಂಗಮ್ಮ ಕಣ್ಣಿಗೆ ಕಟ್ಟಿದಳು: ಮೈಕಿನ ಮುಂದೆ, ದವಡೆಯಲ್ಲಿ ಬೇರಿಟ್ಟು ಒಂದು ಕೆನ್ನೆ ಉಬ್ಬಿಸಿಕೊಂಡು.

"ಜೇಷ್ಠಮಧು ಅಲ್ಲೇನ್ರಿ ಇದು?"

"ಅಲ್ರಿ, ಅಕ್ಕಲಕರಿ. ಹಾಡೋ ಮಂದಿ ಒಯ್ತಾರ, ಗಂಟಲಿಗೆ. ನೀವೇನರ ಹಾಡ್ತೀರೇನು?"

"ಇಲ್ರಿ. ಬರೇ ಕೆಮ್ಮತೀನಿ."

ಅವನು ನಕ್ಕು ಒಂದು ಚೂರು ಕೊಟ್ಟ. ನಾಲಿಗೆ ಜುಮ್ಮೆಂದಿತು. ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಒಂದು ಬೇರಿನ ಹೆಸರನ್ನೇ ಇಷ್ಟು ಕಾಲ ತಪ್ಪಾಗಿ ಇಟ್ಟುಕೊಂಡಿದ್ದವನು ಮಿಕ್ಕಿದ್ದನ್ನು ಸರಿಯಾಗಿ ಇಟ್ಟುಕೊಂಡಿರುತ್ತೇನೆಯೇ? ಆದ್ದರಿಂದ ಮುಂದೆ ಹೇಳುವುದನ್ನು ನೀವು ಅರ್ಧ ನಂಬಿದರೆ ಸಾಕು. ನಾನೂ ಅಷ್ಟೇ ನಂಬುತ್ತೇನೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ನನಗಿಂತ ಹೆಚ್ಚು ದೊಡ್ಡವಳೇನಲ್ಲ. ಯಾದಗಿರಿ ಹತ್ತಿರ ಭೀಮಾ ದಂಡೆಯ ಒಂದು ಊರು ನಮ್ಮದು. ಹೊಳೆಯಲ್ಲಿ ಮೀನು ಹಿಡಿಯುವ ಮನೆತನ. ಆಚೆ ದಂಡೆಯಲ್ಲಿ ಬಲೆ ಬಿಟ್ಟವರನ್ನು ಊಟಕ್ಕೆ ಕೂಗಿ ಕರೆದು ಕರೆದು ನಮ್ಮ ಹೆಂಗಸರ ಗಂಟಲು ಅಗಲವಾಗಿದೆ ಎಂದು ನಾನೊಂದು ಸಿದ್ಧಾಂತ ಮಾಡಿದ್ದೆ. ಗಾಳಿ ಎದುರಿದ್ದರೆ ಯಾರ ಕೂಗೂ ಕೇಳಿಸುವುದಿಲ್ಲ ಎಂದು ಅವ್ವ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

ಚಿಗವ್ವನ ಹಾಡಿಕೆ ನಿಜವಾಗಿ ಶುರುವಾದದ್ದು ಸತ್ತವರ ಮನೆಗಳಲ್ಲಿ. ನಮ್ಮ ಕಡೆ ಹೆಂಗಸರು ಹೆಣದ ಸುತ್ತ ಕೂತು ಹಾಡಿಕೊಂಡು ಅಳುತ್ತಾರೆ. ಒಬ್ಬಳು ಸತ್ತವರ ಬದುಕನ್ನು ಎಳೆದು ಎಳೆದು ಹಾಡುತ್ತಾಳೆ: ಉಣಿಸಿದ್ದು, ಬೈದದ್ದು, ಕಟ್ಟಿದ ಮನೆ, ಉಡದೆ ಇಟ್ಟ ಸೀರೆ. ಉಳಿದವರು ಅವಳ ದನಿಯ ಕೊನೆಯನ್ನು ಹಿಡಿದು ಜಗ್ಗುತ್ತಾರೆ. ನಮ್ಮ ಆಯಿ, ಅಂದರೆ ಅವ್ವ ಮತ್ತು ಚಿಗವ್ವನ ತಾಯಿ, ಇದರಲ್ಲಿ ದೊಡ್ಡ ಹೆಸರು. ಆಯಿ ಅತ್ತರೆ ಮಾತ್ರ ಸತ್ತವನು ಸತ್ತ ಹಾಗೆ ಎಂದು ಊರವರು ಹೇಳುತ್ತಿದ್ದರು. ಚಿಗವ್ವ ಆಯಿಯ ಮಗ್ಗುಲಲ್ಲೇ ಕೂತು ಕಲಿತಳು.

ಒಮ್ಮೆ ನಮ್ಮೂರಿನ ರೇಲ್ವೆ ಗ್ಯಾಂಗ್‌ಮನ್ ಒಬ್ಬ ತೀರಿಕೊಂಡಾಗ ಯಾದಗಿರಿ ಸ್ಟೇಶನ್ನಿನಿಂದ ಅವನ ಜೊತೆಗಾರರು ಬಂದಿದ್ದರು. ಅವರಲ್ಲಿ ಸಾಮುವೇಲ ಎಂಬ, ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಕರೆಂಟಿನ ಗಿಟಾರ್ ಬಾರಿಸುವವನು; ಸಣ್ಣದೊಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದ. ಅಮೆರಿಕದ ಕರಿಯ ಹಾಡುಗಾರರ ಸೋಲ್, ರಾಕ್ ಎನ್ನುವ ಹಾಡುಗಳ ಕ್ಯಾಸೆಟ್ಟುಗಳನ್ನು ಸವೆಯುವವರೆಗೆ ಕೇಳಿದವನು. ಒಳಗಿನಿಂದ ಬಂದ ದನಿ ಕೇಳಿ ಅಂಗಳದಲ್ಲೇ ನಮ್ಮಜ್ಜನನ್ನು ಕೇಳಿಬಿಟ್ಟ: "ಆ ಅಳೋ ಹುಡುಗಿ ಯಾರ ಪೈಕಿರಿ? ಭಾಳ ಛಂದ ಅಳ್ತಾಳ."

ಅಜ್ಜ ರುಮಾಲು ಕಟ್ಟಿಕೊಂಡು ಎದ್ದ. "ಏನಲೇ, ಹೆಣದ ಮುಂದ ಕನ್ಯಾ ನೋಡಾಕ ಬಂದೀಯೇನು?"

ಸಾಮುವೇಲ ಸೈಕಲ್ ಅಲ್ಲೇ ಬಿಟ್ಟು ಓಡಿದ. ಸೈಕಲ್ ಒಯ್ಯುವ ನೆಪದಲ್ಲಿ ಮತ್ತೆ ಬಂದ. ಈ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದ. ಹುಡುಗಿಯಿಂದ ದೇವರ ಹಾಡು ಹಾಡಿಸುತ್ತೇವೆ ಎಂದ. ಆಯಿ ಒಪ್ಪಿದಳು.

ಚಿಗವ್ವ ದೇವರ ಹಾಡೂ ಹಾಡಿದಳು, ಸುಳ್ಳಲ್ಲ. ಅದರ ಹಿಂದೆಯೇ ಇಂಗ್ಲಿಷ್ ಹಾಡು. ಅರ್ಥ ಅವಳಿಗೆ ಗೊತ್ತಿರಲಿಲ್ಲ, ಯಾದಗಿರಿಯಲ್ಲಿ ಕೇಳುವವರಿಗೂ ಗೊತ್ತಿರಲಿಲ್ಲ. ಆದರೆ ಅವಳು ದನಿಯನ್ನು ಸೀಳಿ ಮೇಲಕ್ಕೆ ಒಯ್ದಾಗ ಪೆಂಡಾಲಿನಲ್ಲಿ ಎಲೆ ಅಡಿಕೆ ಮಡಚುತ್ತಿದ್ದವರ ಕೈ ನಿಲ್ಲುತ್ತಿತ್ತು. ಸಾಮುವೇಲನ ಗಿಟಾರು ಅವಳ ಹಿಂದೆ ಹಿಂದೆ ಓಡುತ್ತಿತ್ತು, ಊರಿನ ನಾಯಿ ಬಸ್ಸಿನ ಹಿಂದೆ ಓಡಿದಂತೆ. ಈ ಹೋಲಿಕೆ ಕೇಳಿ ಅವನಿಗೆ ಸಿಟ್ಟು ಬಂದಿತ್ತು.

ಗುರುಮಠಕಲ್‌ನ ಒಂದು ಮದುವೆಯಲ್ಲಿ ಕೆಟ್ಟಿತು. ಅಲ್ಲಿ ನಾನಿದ್ದೆನೋ, ಕೇಳಿ ಕೇಳಿ ಇದ್ದ ಹಾಗೆ ಅನ್ನಿಸುತ್ತಿದೆಯೋ, ಈಗ ತಿಳಿಯುವುದಿಲ್ಲ. ಹಾಡಿನ ನಡುವೆ ಮಾತಿಲ್ಲದೆ ಬರೀ ದನಿ ಎಳೆಯುವ ಜಾಗವೊಂದಿತ್ತು. ಅಲ್ಲಿ ಅವಳು, ತನಗೇ ಅರಿವಿಲ್ಲದೆ, ಸತ್ತವರ ಮನೆಯ ಎಳೆತವನ್ನು ಎಳೆದಳು. ಮದುಮಗಳ ಅಜ್ಜಿ ಸೆರಗು ಬಾಯಿಗೆ ಹಚ್ಚಿಕೊಂಡಳು. ಅವಳ ಪಕ್ಕದವಳು ದನಿ ಹಿಡಿದಳು. ನೋಡನೋಡುತ್ತ ಹೆಂಗಸರ ಸಾಲು ಪೂರ್ತಿ ಅಳತೊಡಗಿತು. ಹಿರಿಯರು ಕರೆಂಟು ತೆಗೆಸಿದರು.

ಸುದ್ದಿ ಆಯಿಗೆ ಮುಟ್ಟಿತು. ಆಯಿ ಬೈಯಲಿಲ್ಲ. ಮೀನು ಕೊಯ್ಯುತ್ತಿದ್ದ ಕೈಯನ್ನು ತೊಳೆದು ಬಂದು ಹೇಳಿದಳು:

"ನೀ ಎಲ್ಲಿ ಬೇಕಾದ್ರ ಹಾಡು ಮಗಳ. ನಾ ಬ್ಯಾಡ ಅನ್ನಂಗಿಲ್ಲ. ಖರೇ ನಾ ಸತ್ತಾಗ ನೀ ಹಾಡಿಕೊಂಡು ಅಳಬ್ಯಾಡ. ಚಪ್ಪಾಳಿ ಬಿದ್ದ ದನಿ ನನ್ನ ಹೆಣಕ್ಕ ಬ್ಯಾಡ."

ಈ ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ. ಚಿಗವ್ವ ಆಗ ನಕ್ಕಳು: "ನೀ ಎಲ್ಲಿ ಸಾಯ್ತೀ ಬಿಡಬೇ, ನಮ್ಮನ್ನೆಲ್ಲ ಕಳಿಸಿ ಹೋಗಾಕಿ ನೀ."

ಆಮೇಲೆ ಸಿಕಂದರಾಬಾದು. ಅಲ್ಲೊಂದು ಹೋಟೆಲಿನಲ್ಲಿ ಸಂಜೆಯ ಬ್ಯಾಂಡು, ಸಾಮುವೇಲನ ಪರಿಚಯದವರದು. ಅಲ್ಲಿ ಅವಳು ನಿಂಗಮ್ಮ ಅಲ್ಲ, ನೀನಾ. ಎಷ್ಟು ವರ್ಷ ಹಾಡಿದಳೆಂದು ಅವ್ವನನ್ನು ಕೇಳಿದರೆ ಒಂದು ಲೆಕ್ಕ, ಅವಳನ್ನು ಕೇಳಿದರೆ ಇನ್ನೊಂದು. ನಾನು ಒಮ್ಮೆ ಹೋಗಿದ್ದೆ. ಮೊಣಕಾಲುದ್ದದ ಬೂಟು, ಮೇಲೆ ಹೊಳೆಯುವ ಅಂಗಿ, ಹಣೆಯಲ್ಲಿ ಮಾತ್ರ ಆಯಿ ಇಡುವಷ್ಟೇ ದೊಡ್ಡ ಕುಂಕುಮ. ಸೊಂಟದ ಮೇಲೆ ಕೈ ಇಟ್ಟು, ಹೊಳೆಯಾಚೆಗೆ ಕೂಗುವವಳ ಹಾಗೆಯೇ ಹಾಡುತ್ತಿದ್ದಳು. ಒಂದು ಹಾಡಿನ ನಡುವೆ ನನಗೆ ಏನೋ ಪರಿಚಯದ ಶಬ್ದ ಕೇಳಿದಂತಾಯಿತು. ಕಿವಿಗೊಟ್ಟೆ. "ನಾಲವಾರ... ವಾಡೀ... ಸೇಡಂ, ತಾಂಡೂರ!" ಜನ ಸಿಳ್ಳೆ ಹಾಕುತ್ತಿದ್ದರು.

"ಏನ್ ಚಿಗವ್ವ ಅದು?" ಎಂದೆ, ಹೊರಗೆ ಬಂದ ಮೇಲೆ.

"ಇಂಗ್ಲಿಷ್ ಮರತಿತ್ತಪಾ. ಬರೋ ದಾರ್ಯಾಗಿನ ಸ್ಟೇಶನ್ ಹೇಳಿದೆ. ನಿಂತರ ಗಾಡಿ ಬೀಳತದ ನೋಡು, ಏನರ ಒಂದ ಹಾಕಿ ಓಡಸಬೇಕು."

ನಂತರದ್ದು ಎಲ್ಲರಿಗೂ ಆಗುವಂಥದ್ದೇ. ಹೋಟೆಲಿನವರು ಬ್ಯಾಂಡು ತೆಗೆದು ಹಾಡು ಹಾಕುವ ಯಂತ್ರ ತಂದರು. ಸಾಮುವೇಲ ತೀರಿಕೊಂಡ. ಅವಳ ಗಂಟಲಲ್ಲಿ ಗಂಟಾಯಿತು. ಕುಯ್ಯಿಸಿದ ಮೇಲೆ ದನಿ ಅರ್ಧ ಬಂತು. ಸೈದಾಪುರಕ್ಕೆ ಬಂದು, ಕಡೇಚೂರಿನ ಫ್ಯಾಕ್ಟರಿಗಳಿಗೆ ಹೋಗುವ ಹೊರಗಿನ ಹುಡುಗರಿಗೆ ಅಡುಗೆ ಮಾಡಿ ಹಾಕುವ ಖಾನಾವಳಿ ಇಟ್ಟಳು.

ಆಯಿ ಸತ್ತದ್ದು ಅದರ ನಂತರ. ನಾವು ಗಂಡಸರು ಅಂಗಳದಲ್ಲಿ ಚಟ್ಟದ ಬಿದಿರು ಕಟ್ಟುತ್ತಿದ್ದೆವು. ಒಳಗೆ ಹೆಂಗಸರಿದ್ದರು, ಯಾರೂ ಹಾಡುತ್ತಿರಲಿಲ್ಲ. ಮುಂದಾಗಿ ಎತ್ತಿಕೊಡುವವಳೇ ಹೆಣವಾಗಿ ಮಲಗಿದ್ದಳಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳು ಎತ್ತಿಕೊಳ್ಳಲಿ ಎಂದು ಎಲ್ಲರೂ ಕಾಯುತ್ತಿದ್ದರು. "ಊರಿಗೆಲ್ಲ ಅತ್ತಾಕಿ, ಆಕಿಗೆ ಅಳವ್ರ ಇಲ್ಲ ನೋಡು" ಎಂದು ಹಗ್ಗ ಹಿಡಿದವನೊಬ್ಬ ಗೊಣಗಿದ. ಆಗ ಒಳಗಿನಿಂದ ದನಿ ಎದ್ದಿತು. ಮೊದಲು ಒಡಕು, ಆಮೇಲೆ ಒಡಕನ್ನೇ ಹಿಡಿದುಕೊಂಡು ಮೇಲೇರಿತು. ನನ್ನ ಕೈಯ ಗಂಟು ಸಡಿಲವಾಯಿತು. ಚಿಗವ್ವ ಆಯಿಯ ಮಾತು ಮೀರಿದಳು ಎಂದುಕೊಂಡೆ. ಒಳ್ಳೆಯದಾಯಿತು ಎಂದೂ ಅಂದುಕೊಂಡೆ.

ಹಾಗೆಂದೇ ತಿಳಿದುಕೊಂಡಿದ್ದೆ. ಈಚೆಗೆ, ಈಗ ನಾವಿರುವ ಶಹಾಪುರದ ಮನೆಯಲ್ಲಿ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ ಒಣಹಾಕುತ್ತಿದ್ದ ಅವ್ವನ ಮುಂದೆ ಈ ಮಾತು ತೆಗೆದೆ. ಅವ್ವ ತಲೆ ಎತ್ತಲಿಲ್ಲ.

"ನಿಂಗಿ ಅತ್ತಿಲ್ಲ. ಗ್ವಾಡಿಗೆ ಮಾರಿ ಮಾಡಿ ಕುಂತಿದ್ದಳು. ಬಾಯಾಗ ಸೆರಗು ತುರುಕಿಕೊಂಡಿದ್ದಳು."

"ಹಂಗಾರ ನೀ ಅತ್ತೀ?"

"ನನಗ ದನಿನ ಹತ್ತಿಲ್ಲಪಾ ಅವತ್ತ. ನಾ ಯಾವಾಗ ಹಾಡೀನಿ?"

ಹೀಗಾಗಿ ಅಕ್ಕಲಕರಿಯ ಪೊಟ್ಟಣ ಹಿಡಿದು ನಿನ್ನೆ ಸೈದಾಪುರಕ್ಕೆ ಹೋದೆ. ಮಧ್ಯಾಹ್ನದ ಪಾಳಿಯವರು ಉಂಡು ಎದ್ದಿದ್ದರು. ಚಿಗವ್ವ ಒಲೆಯ ಪಕ್ಕ ಕೂತಿದ್ದಳು. ಪೊಟ್ಟಣ ಮೂಸಿ, ಪಿಸುದನಿಯಲ್ಲಿ ನಕ್ಕಳು.

"ಹುಚ್ಚ, ಈಗ್ಯಾಕೋ ಇದು? ಈ ಹುಡುಗುರು ಜ್ವಾಳದ ರೊಟ್ಟಿ ತಿನ್ನಂಗಿಲ್ಲ ಅಂತ ಚಪಾತಿ ಲಟ್ಟಿಸಿ ಲಟ್ಟಿಸಿ ಕೈ ಬಿದ್ದಾವ. ಕೈಗೇನರ ಇದ್ರ ತಾ."

ಆಯಿ ಸತ್ತ ದಿನ ಅತ್ತವರು ಯಾರೆಂದು ಕೇಳಿದೆ. ಹೊರಗೆ ಗೂಡ್ಸ್ ಗಾಡಿಯೊಂದು ಹೋಯಿತು. ಅದು ಮುಗಿಯುವವರೆಗೆ ಕಾದಳು.

"ನನಗ ನಮ್ಮವ್ವ ಬ್ಯಾಡ ಅಂದಿದ್ದಳಲ್ಲ. ಅತ್ತಾಕಿ ನಿಮ್ಮವ್ವ."

"ಅವ್ವ ತಾನಲ್ಲ ಅಂತಾಳ."

"ಅಂತಾಳ, ಅನ್ನಲಿ. ನನ್ನ ಮಗ್ಗಲ್ದಾಗ ಕುಂತು ಎತ್ತಿದಳು, ನನ್ನ ಕಿವಿಲೆ ಕೇಳೀನಿ. ಅಂಥಾ ದನಿ ಇತ್ತು ಆಕಿಗೆ, ನಮಗ್ಯಾರಿಗೂ ಗೊತ್ತಽ ಇದ್ದಿಲ್ಲ." ಬೇರಿನ ಚೂರೊಂದನ್ನು ದವಡೆಗೆ ಇಟ್ಟುಕೊಂಡಳು. ಕೆನ್ನೆ ಉಬ್ಬಿತು. "ಉಂಡು ಹೋಗು. ಚಪಾತಿನ ಅದಾವ."

ಉಂಡೆ. ಮತ್ತೆ ಕೇಳಲಿಲ್ಲ. ಶಹಾಪುರಕ್ಕೆ ಬಂದಾಗ ಅವ್ವ ಅಂಗಳದ ಮೆಣಸಿನಕಾಯಿ ಒಳಗೆ ತರುತ್ತಿದ್ದಳು; ಅವಳನ್ನೂ ಕೇಳಲಿಲ್ಲ. ಮೊರದ ಇನ್ನೊಂದು ತುದಿ ಹಿಡಿದೆ.

ಒಬ್ಬಳು ತಾಯಿಯ ಮಾತು ಉಳಿಸಲು ಸುಳ್ಳು ಹೇಳುತ್ತಿರಬಹುದು. ಇನ್ನೊಬ್ಬಳು ತಂಗಿಯನ್ನು ಉಳಿಸಲು ಹೇಳುತ್ತಿರಬಹುದು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರೆ, ನಾನು ಅಂಗಳದಲ್ಲಿ ಕೇಳಿದ್ದೇನು? ಆಯಿಗೆ ಯಾರೋ ಅತ್ತರು. ಯಾರೆಂದು ನನಗೆ ಗೊತ್ತಿಲ್ಲ.