ಹೊನ್ನವಳ್ಳಿ ಸಿಪಾಯಿಯ ವರದಿ

ಸೈನ್ಯದಲ್ಲಿ ಸುಬೇದಾರನಾಗಿದ್ದಾಗ ಕೈಕೆಳಗಿನ ಸಿಪಾಯಿಗಳ ಕೆಲಸದ ಬಗ್ಗೆ ವರ್ಷಕ್ಕೊಮ್ಮೆ ವರದಿ ಬರೆಯುತ್ತಿದ್ದೆ. ಅವರಲ್ಲಿ ಹೊನ್ನವಳ್ಳಿಯವನೊಬ್ಬ, ಹಿಮದಲ್ಲಿ ಗಸ್ತು ಹೊರಡುವ ಮುನ್ನ ಒಬ್ಬರಿಗೊಬ್ಬರನ್ನು ಜೋಡಿಸುವ ಸೊಂಟದ ಹಗ್ಗವನ್ನು ಎಲ್ಲರಿಗೂ ಎರಡೆರಡು ಸಲ ಎಳೆದು ನೋಡಿ ಬಿಗಿಯುತ್ತಿದ್ದ. ನಾನು ತಿಪಟೂರಿನವನು. ನಮ್ಮೂರ ಕಡೆಯವನಿಗೆ ಪಕ್ಷಪಾತ ಮಾಡಿದೆನೆಂಬ ಮಾತು ಬರಬಾರದೆಂದು ‘ಕೆಲಸದಲ್ಲಿ ನಿಧಾನ’ ಎಂದು ಬರೆದೆ. ಅವನಿಗೆ ಬಡ್ತಿ ತಪ್ಪಿತು.

ಮರುವರ್ಷ ಗಸ್ತಿನಲ್ಲಿ ನಾನೇ ಹಿಮದ ಬಿರುಕಿನೊಳಗೆ ಜಾರಿದೆ. ಅವನು ಬಿಗಿದಿದ್ದ ಹಗ್ಗ ನನ್ನನ್ನು ಉಳಿಸಿತು. ಆಮೇಲೆ ಒಳ್ಳೆಯ ವರದಿ ಬರೆದರೂ ಅವನು ಸಿಪಾಯಿಯಾಗಿಯೇ ನಿವೃತ್ತನಾದ.

ಹೋದ ತಿಂಗಳು ಅವನ ತೋಟಕ್ಕೆ ಹೋಗಿ ತಪ್ಪೊಪ್ಪಿಕೊಂಡೆ.

“ಬೇಜಾರಾಗಿತ್ತು ಸಾರ್, ಸುಳ್ಳು ಯಾಕೆ ಹೇಳ್ಲಿ. ನಮ್ಮ ಕಡೆಯೋರೇ ಹಿಂಗೆ ಬರೆದ್ರಲ್ಲಾ ಅಂತ. ಈಗ ಬುಡಿ, ಊಟ ಮಾಡನ ಬನ್ನಿ” ಎಂದ.

ಪಕ್ಕಪಕ್ಕ ಕೂತು ಉಂಡೆವು.