ಹಗೇವಿನೊಳಗಿನ ಹೂಂ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮುತ್ತಜ್ಜನನ್ನು ನಾನು ಒಮ್ಮೆ ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದೆ. ಆಗ ನನಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಮ್ಯಾಟ್ರಿಕ್ಕಿಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದ ನನಗೆ ಒಲಿದಿದ್ದ ವಿದ್ಯೆ ಒಂದೇ, ಕಂಡವರ ದನಿಯನ್ನು ಅಣಕಿಸಿ ಹಾಗೇ ತೆಗೆಯುವುದು. ಕಾಕಾನ ಕೆಮ್ಮು, ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಇಮಾಮಸಾಬನ ಚೌಕಾಸಿ, ಹೆಣ್ಣು ನೋಡಲು ಹೋದಾಗ ತೊದಲಿದ ನನ್ನದೇ ದನಿ, ಎಲ್ಲವನ್ನೂ ತೆಗೆಯುತ್ತಿದ್ದೆ. ಎಲ್ಲಕ್ಕಿಂತ ಛಲೋ ಬರುತ್ತಿದ್ದುದು ಮುತ್ತಜ್ಜನ ‘ಹೂಂ’. ಮೂಗಿನಲ್ಲಿ ಹುಟ್ಟಿ ಎದೆಗೆ ಇಳಿಯುವಂಥ ಹೂಂ ಅದು.

ಮನೆಯವರೆಲ್ಲ ಅವನನ್ನು ಅಜ್ಜಾ ಎಂದೇ ಕರೆಯುತ್ತಿದ್ದೆವು. ಅಮ್ಮಿನಬಾವಿ ಊರಿನ ಆಚೆ, ಯಾರೂ ಕಾಲಿಡದ ಜಾಲಿ ಕಂಟಿ ಕಡಿದು ಮೊದಲ ನೇಗಿಲು ಹೂಡಿದವ. ವಯಸ್ಸು ತೊಂಬತ್ತು ದಾಟಿತ್ತು. ಭಾರೀ ಗಂಡೆದೆಯವ ಎಂದು ಊರು ಹೊಗಳುತ್ತಿತ್ತು. ಆದರೆ ಅವನಷ್ಟು ಅಂಜುವ ಮನುಷ್ಯನನ್ನು ನಾನು ಕಂಡಿಲ್ಲ. ಝಾಡಿಸದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ, ಕೋಲಿನಿಂದ ಕುಟ್ಟದೆ ಬಾವಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ಅರಳೆ ಹೇರಿಕೊಂಡು ಹುಬ್ಬಳ್ಳಿಗೆ ಹೋದರೆ, ರೈಲ್ವೆ ಗೇಟು ತೆರೆದಿದ್ದರೂ ಬಂಡಿಯಿಂದ ಇಳಿದು ಹಳಿಗೆ ಕಿವಿ ಹಚ್ಚುವನು.

“ಯಜಮಾನ್ರ, ಗೇಟ್ ತಗದಾರ್ರಿ, ಲಗೂ ಹೊಡೀರಿ!” ಎಂದು ಹಿಂದಿನ ಬಂಡಿಯವರು ಒದರುವರು.

“ತಗದಾಂವ ಮನಿಶ್ಯಾನ ಹೌದಲ್ಲೋ ತಮ್ಮಾ? ಮನಿಶ್ಯಾ ಮರೀತಾನ.”

ಅಷ್ಟೊಂದು ಜಾಲಿ ಹೇಗೆ ಕಡಿದೆ ಎಂದು ನಾನೊಮ್ಮೆ ಕೇಳಿದ್ದೆ.

“ಅಂಜಿಕೋತ ಕಡದೆ. ಕಂಟಿಗೆ ಬಡದು ಹಿಂದ ಸರದು ನಿಲ್ಲತಿದ್ದೆ. ಒಳಗಿದ್ದದ್ದು ಹರದು ಹೋಗ್ಲಿ, ಆಮ್ಯಾಲೆ ಕೊಡ್ಲಿ ಎತ್ತತಿದ್ದೆ. ನನ್ನ ಕೂಡ ಬಂದ ಧೈರ್ಯಸ್ಥರು ಅದ ಹೊಲದಾಗ ಮಣ್ಣಾಗ್ಯಾರ.”

ಅವನು ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದುದು ಹಗೇವಿಗೆ. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ, ಆದರೆ ಒಳಗಿನ ಗಾಳಿ ಕೆಡುತ್ತದೆ, ಜೋಳ ತೋಡಿದಂತೆ ತಳದಿಂದ ಮತ್ತೆ ಏಳುತ್ತದೆ. ಇಳಿದವ ಕೂಗುವ ಮೊದಲೇ ಕುಸಿಯುತ್ತಾನೆ. ಅದಕ್ಕೇ ಹಿಂದಿನ ದಿನವೇ ಕಲ್ಲು ಸರಿಸಬೇಕು, ಕಂದೀಲು ಇಳಿಬಿಟ್ಟು ಆರುತ್ತದೋ ನೋಡಬೇಕು, ಇಳಿಯುವವನ ನಡುವಿಗೆ ಹಗ್ಗ ಬಿಗಿಯಬೇಕು. ಮೇಲಿದ್ದವ ಕರೆಯುತ್ತಿರಬೇಕು, ಕೆಳಗಿದ್ದವ ಹೂಂಗುಡುತ್ತಿರಬೇಕು. “ಹೂಂ ಬರಲಿಲ್ಲಂದ್ರ ವಿಚಾರ ಮಾಡಬ್ಯಾಡ್ರಿ, ಎಳೀರಿ” ಎನ್ನುವನು. ಬೇರೆಯವರ ಮೂಗಿನ ಮೇಲೆ ನಂಬಿಕೆಯಿಲ್ಲದೆ ಆ ವಯಸ್ಸಿನಲ್ಲೂ ಮೊದಲು ತಾನೇ ಇಳಿಯುತ್ತಿದ್ದ. ಖಾಲಿ ಚೀಲದಷ್ಟು ಹಗುರವಾಗಿದ್ದ.

ಆ ಮುಂಜಾನೆ ಅಜ್ಜ ಕಂದೀಲು ಹಿಡಿದು ಇಳಿದಿದ್ದ, ಹಗ್ಗ ಕಾಕಾನ ಕೈಯಲ್ಲಿತ್ತು. ನಾನು ಹಗೇವಿನ ಬಾಯಿಗೆ ಎದೆಯಿಟ್ಟು ಮಲಗಿ, ತುಂಬಿ ಬಂದ ಬುಟ್ಟಿಗಳನ್ನು ಎಳೆದುಕೊಳ್ಳುತ್ತಿದ್ದೆ. ಕಾಕಾ ಕರೆದಾಗಲೆಲ್ಲ ಕೆಳಗಿನಿಂದ ಹೂಂ ಬರುತ್ತಿತ್ತು. ಕಾಕಾ ತಂಬಾಕು ತಿಕ್ಕಲು ಅತ್ತ ಹೊರಳಿ “ಅಜ್ಜಾ!” ಎಂದ. ನಾನು ತಲೆ ಒಳಗಿಟ್ಟು “ಹೂಂ” ಎಂದೆ. ಹಗೇವು ಅದನ್ನು ಇನ್ನಷ್ಟು ಚಂದ ಮಾಡಿ ಮೇಲೆ ಕಳಿಸಿತು. ಕಾಕಾ ತಲೆಯಾಡಿಸಿದ. ಹಿಂದೆಯೇ ಅಜ್ಜನ ಹೂಂ ಬರುತ್ತದೆ, ಎರಡೆರಡು ಹೂಂ ಕೇಳಿ ಕಾಕಾ ಬೆಚ್ಚುತ್ತಾನೆ, ಇಷ್ಟೇ ನನ್ನ ತಮಾಷೆ.

ಬರಲಿಲ್ಲ.

ಬಗ್ಗಿ ನೋಡಿದೆ. ಅಜ್ಜನ ಕಂದೀಲು ಆರಿತ್ತು. ನನ್ನ ಎದೆಯ ಕೆಳಗಿನ ಕಲ್ಲು ತಣ್ಣಗಾದಂತೆನಿಸಿತು.

“ಕಾಕಾ, ಆ ಹೂಂ ನಂದು.”

“ಸುಮ್ನಿರಲೇ ಮೂಳಾ, ಈಗರೆ ಅಂದಾನ.”

“ಖರೇನ ನಂದು ಕಾಕಾ! ದೀಪ ಆರೈತಿ!”

ಕಾಕಾ ನಕ್ಕ. ನಡುಗುವ ದನಿಯನ್ನೂ ನಾನು ಎಷ್ಟೋ ಸಲ ತೆಗೆದು ತೋರಿಸಿದ್ದೆನಲ್ಲ. ಹಗ್ಗ ಕಸಿದು ಎಳೆದೆ. ಅದು ಕಲ್ಲು ಕಟ್ಟಿದಂತೆ ಭಾರವಾಗಿ ಬಂತು. ಆಗ ಕಾಕಾನ ಬಾಯಿಂದ ತಂಬಾಕು ಉದುರಿತು.

ಇಬ್ಬರೂ ಎಳೆದೆವು. ರುಮಾಲಿಲ್ಲದ ತಲೆ ಮೊದಲು ಬಂತು, ಗದ್ದ ಎದೆಗೆ ಜೋತಿತ್ತು. ಹೊಟ್ಟಿನ ಮೇಲೆ ಮಲಗಿಸಿದೆವು. ಮುಖ ಬೂದಿಯಂತಾಗಿತ್ತು. ಕಾಕಾ ಮುಖಕ್ಕೆ ನೀರು ಗೊಜ್ಜುತ್ತ, “ಅಜ್ಜಾ, ಅಜ್ಜಾ” ಎಂದು ಕೆನ್ನೆ ತಟ್ಟುತ್ತಿದ್ದ. ನಾನು ಎದೆಗೆ ಕಿವಿ ಇಟ್ಟೆ. ಕೇಳಿದ್ದು ನನ್ನ ಗುಂಡಿಗೆಯೋ ಅವನದೋ ತಿಳಿಯಲಿಲ್ಲ. “ಒಂದ್ಸಲ ಹೂಂ ಅನ್ನೋ ಅಜ್ಜಾ” ಎಂದು ಬೇಡಿಕೊಂಡೆ. ಕೊನೆಗೆ ಒಣ ಚರ್ಮ ಹರಿದಂತೆ ಒಂದು ಉಸಿರು ಬಂತು, ಅದರ ಹಿಂದೆ ಕೆಮ್ಮು.

ಹೊತ್ತು ಇಳಿಯುವಷ್ಟರಲ್ಲಿ ಅವನು ಎದ್ದು ಗೋಡೆಗೆ ಒರಗಿ ಕೂತ. ಕಾಕಾ ಎಲ್ಲ ಹೇಳಿದ. ಅಜ್ಜ ನನ್ನತ್ತ ನೋಡಲೂ ಇಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಹಿಡಿದುಕೊಂಡು ಬದುಕುತ್ತಿದ್ದೆ.

ಆಮೇಲೂ ಕೆಲವು ಸುಗ್ಗಿ ಕಂಡು, ಹಾಸಿಗೆಯಲ್ಲೇ ಹೋದ. ಈಗ ಮನೆಯಲ್ಲಿ ಯಾರಾದರೂ, “ಒಂದ್ಸಲ ಅಜ್ಜನಂಗ ಹೂಂ ಅನ್ನಲಾ, ಕೇಳಬೇಕನಸ್ತೈತಿ” ಎನ್ನುತ್ತಾರೆ. ಅವನ ಅಪ್ಪಣೆಯೇನೋ ಇದೆ, ಆದರೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಅಪ್ಪಣೆ ಸಿಕ್ಕಿದ್ದು ಅವನನ್ನು ಹಗೇವಿನಿಂದ ಎಳೆದ ದಿನ ಸಂಜೆಯೇ. ಅವನ ಎರಡೂ ಕಾಲು ಹಿಡಿದು, “ಇನ್ನ ಯಾರ ದನೀನೂ ತಗ್ಯಾಂಗಿಲ್ಲ ಅಜ್ಜಾ, ನಿನ್ನಾಣಿ” ಎಂದು ಅತ್ತಿದ್ದೆ. ಅವನು ಕಾಲು ಬಿಡಿಸಿಕೊಂಡು ಹೇಳಿದ:

“ನಾ ಸತ್ತಮ್ಯಾಲೆ ಬೇಕಾದಷ್ಟು ತಗಿ, ಯಾರ ಬ್ಯಾಡಂತಾರ? ಜೀಂವ ಇರೂತನಕ ನನ್ನ ಹೂಂ ನಾನ ಅಂತೇನಿ.”