ಚಾಕುವಿಗೊಬ್ಬ ಕಾಂತ

ನಮ್ಮ ಅಡುಗೆಮನೆಯ ಚಾಕು ಡ್ರಾಯರಿನಿಂದ ಒಂಟಿಯಾಗಿ ಹೊರಬರುವುದಿಲ್ಲ. ಒಂದು ದಿನ ಹೇರ್‌ಪಿನ್ನು, ಇನ್ನೊಂದು ದಿನ ಯಾವ ಕಾಲದ್ದೋ ಪುಟ್ಟ ಮೊಳೆ, ಹೀಗೆ ಯಾರನ್ನಾದರೂ ತುದಿಗೆ ನೇತುಹಾಕಿಕೊಂಡೇ ಬರುತ್ತದೆ. ತಪ್ಪು ನನ್ನದೇ. ಊಟಿ ಮಾರ್ಕೆಟ್ಟಿನಲ್ಲಿ ಕೊಂಡ ಸಾಣೆಕಡ್ಡಿಗೆ ಅದನ್ನು ಮೂರು ತಿಂಗಳು ಶ್ರದ್ಧೆಯಿಂದ, ಅದೂ ಒಂದೇ ದಿಕ್ಕಿನಲ್ಲಿ, ಉಜ್ಜಿದೆ. ಆ ಕಡ್ಡಿಯೇ ಅಯಸ್ಕಾಂತವೆಂದು ನನಗೇನು ಗೊತ್ತು? ಹರಿತ ಬರಲಿಲ್ಲ, ಆಕರ್ಷಣೆ ಬಂತು. ಈ ವಯಸ್ಸಿನಲ್ಲಿ ಮನೆಯೊಳಗೆ ಒಬ್ಬರಿಗಾದರೂ ಬಂತಲ್ಲ ಎಂದು ಸುಮ್ಮನಿದ್ದುಬಿಡುತ್ತಿದ್ದೆ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಾರದಿದ್ದರೆ.

ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಘಟ್ಟ ಹತ್ತುವಾಗ ಹೊತ್ತುತಂದ ಪದ್ಧತಿಗಳಲ್ಲಿ, ದೃಷ್ಟಿ ತಾಗದಿರಲೆಂದು ಮನೆಯ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲ ಹಾಸಿಗೆಯಡಿ ಇಡುವುದೂ ಒಂದು. ಶುಭಕಾರ್ಯಕ್ಕೆ ಹೊಳೆಯಲಿ ಎಂದು ಅಂದು ಬೆಳಿಗ್ಗೆ ಬೀದಿಗೆ ಬಂದ ಸಾಣೆಯವನ ಕೈಗೆ ಕೊಟ್ಟೆ. ಅಲಗಿಗೆ ಮೀಸೆಯಂತೆ ಅಂಟಿದ ಕಬ್ಬಿಣದ ಪುಡಿ ನೋಡಿ ಅವನು ನಕ್ಕು, "ಕತ್ತಿಯಿಲ ಕಾಂದಂ ಇರುಕ್ಕುಮ್ಮಾ" ಎಂದ. ಕಾಂದಂ ಎಂದರೆ ತಮಿಳಿನ ಅಯಸ್ಕಾಂತ. ಬಾಗಿಲಲ್ಲಿ ಬಿಸಿಲು ಕಾಯುತ್ತಿದ್ದ ನಮ್ಮ ಅತ್ತೆಯ ಅರೆಗಿವಿಗೆ ಅದು ಬಿದ್ದದ್ದು 'ಗಂಡಂ' ಎಂದು. ತಮಿಳು ಜೋಯಿಸರ ಬಾಯಲ್ಲಿ ಹಾಗೆಂದರೆ ಜೀವಕ್ಕೇ ಬರುವ ಗಂಡಾಂತರ.

ಅತ್ತೆ ಮಗುವನ್ನೆತ್ತಿ ಮಡಿಲಿಗೆ ಹಾಕಿಕೊಂಡು ಕೂತುಬಿಟ್ಟರು. ಆ ಚಾಕು ಟೀ ತೋಟದಾಚೆಯ ಹಳ್ಳಕ್ಕೆ ಬೀಳುವ ತನಕ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲವಂತೆ. ನೆಂಟರು ಬಂದು ತುಂಬಿದರು, ಮುಹೂರ್ತ ಜಾರತೊಡಗಿತು. ನಗಲು ಹೊರಟವಳು ಅವರು ಮಗುವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡದ್ದು ನೋಡಿ ನಗೆಯನ್ನು ನುಂಗಿಕೊಂಡು, ಹೈಸ್ಕೂಲಿನಲ್ಲಿ ಕಲಿತ ಸಂಸ್ಕೃತವನ್ನೆಲ್ಲ ಒಟ್ಟುಗೂಡಿಸಿ ಪಕ್ಕದಲ್ಲಿ ಕೂತೆ.

"ಅತ್ತೆ, ಗಂಡಂ ಅಲ್ಲ, ಕಾಂತ. ಅಯಸ್ಸು ಅಂದ್ರೆ ಕಬ್ಬಿಣ, ಕಾಂತ ಅಂದ್ರೆ ಗಂಡ. ಕಬ್ಬಿಣದ ಗಂಡ, ಅಷ್ಟೇ."

"ಗಂಡ ಆದ್ರೇನು, ಗಂಡಂ ಆದ್ರೇನು ಸರೋಜ. ಐವತ್ತು ವರ್ಷದಿಂದ ನೋಡ್ತಿದೀನಿ, ಏನೂ ವ್ಯತ್ಯಾಸ ಇಲ್ಲ."

ಒಳಕೋಣೆಯಿಂದ ಮಾವ ಕೆಮ್ಮಿದರು. ನೆಂಟರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ವ್ಯಾಕರಣ ಸೋತಿತು. ಕೊನೆಗೆ ನನ್ನ ಸೀರೆಯ ಪಿನ್ನು ಬಿಚ್ಚಿ ಚಾಕುವಿನ ಹತ್ತಿರ ಹಿಡಿದೆ. ಟಕ್ಕೆಂದು ಹಾರಿ ಅಂಟಿತು. ಅತ್ತೆ ಕಿತ್ತರು, ಹಿಡಿದರು, ಮತ್ತೆ ಹಾರಿತು. ಮೂರನೆಯ ಸಲಕ್ಕೆ ಅವರ ಮುಖ ಅರಳಿತು.

"ಕರೀದೆ ಇದ್ರೂ ಓಡಿ ಬರುತ್ತಲ್ಲೇ. ಇದು ಗಂಡನೂ ಅಲ್ಲ ಬಿಡು" ಎಂದು ಮಗುವನ್ನು ತಾವೇ ತೊಟ್ಟಿಲಿಗೆ ಇಳಿಸಿದರು.

ಸಂಜೆ ಹಾಸಿಗೆ ಎತ್ತಿದರೆ, ಮಗುವನ್ನು ಮುದ್ದಿಸಲು ಬಾಗಿದವರ ಸೀರೆಗಳಿಂದ ಉದುರಿದ ಎರಡು ಪಿನ್ನುಗಳು ಹಾಸಿಗೆಯ ಅಂಚಿನಿಂದ ಕೆಳಗೆ ಜಾರಿ ಬಟ್ಟೆಯ ಮೇಲಿಂದಲೇ ಚಾಕುವಿಗೆ ಕಚ್ಚಿಕೊಂಡಿದ್ದವು. ಒಂದರ ಬಾಯಿ ತೆರೆದೇ ಇತ್ತು. ನಾನು ಮಗುವಿನ ಮೈಯನ್ನೆಲ್ಲ ತಡವಿ ನೋಡಿದೆ. ಅತ್ತೆ ಮಾತ್ರ ಎರಡನ್ನೂ ಬಿಡಿಸಿ, ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ ಮರಿಮಗಳ ಮುಂದೆ ಹಿಡಿದು, "ಎರಡು ಗಂಡಂ ಕಳೀತು ನೋಡು ಪುಟ್ಟಿ" ಎಂದರು.